ಕುರಿಗಳಲ್ಲಿ ಜಂತುಬಾಧೆ ಮತ್ತು ಅದರ ಬೆನ್ನಿಗೆ ಬರುವ ಜೊತೆರೋಗಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಮಳೆಯಾಶ್ರಿತ ಬೇಸಾಯದಲ್ಲಿ ಕುರಿ ಸಾಕಣೆಗೆ ಮಹತ್ವದ ಸ್ಥಾನವಿದೆ. ಮಳೆ ಕೈಕೊಟ್ಟು ರಾಗಿ, ಶೇಂಗಾ ಒಣಗಿದ ವರ್ಷದಲ್ಲಿಯೂ ಮನೆತನವನ್ನು ಕೈಹಿಡಿದು ನಡೆಸುವುದು ಕುರಿಮಂದೆಯೇ. ಮಗಳ ಮದುವೆಯಾಗಲಿ, ಸೊಸೈಟಿಯ ಸಾಲದ ಕಂತಾಗಲಿ, ರೊಪ್ಪದಿಂದ ನಾಲ್ಕು ಟಗರು ಸಂತೆಗೆ ಹೊರಟರೆ ಕೆಲಸ ಸಾಗುತ್ತದೆ. ಇಂತಹ ಮಂದೆಯಲ್ಲಿ ವಾರಕ್ಕೆ ನಾಲ್ಕೈದು ಕುರಿಗಳು ಸಾಯತೊಡಗಿದರೆ ರೈತನಿಗಾಗುವ ನಷ್ಟವನ್ನು ಬೇರೆ ಹೇಳಬೇಕಾಗಿಲ್ಲ.

ಕುರಿ ಸತ್ತಾಗ "ಜಂತು ಬಿದ್ದಿತ್ತು" ಎನ್ನುವ ಮಾತು ನಮ್ಮ ಹಟ್ಟಿಗಳಲ್ಲಿ ಸಾಮಾನ್ಯ. ಮಾತು ಸುಳ್ಳಲ್ಲ. ಆದರೆ ಅನೇಕ ವೇಳೆ ಅದು ಅರ್ಧ ಸತ್ಯ ಮಾತ್ರ. ಮಳೆಗಾಲದ ನಂತರ ಈ ಭಾಗದ ಯಾವ ಕುರಿಯ ಹೊಟ್ಟೆಯನ್ನು ತೆರೆದು ನೋಡಿದರೂ ಸಾಮಾನ್ಯವಾಗಿ ಹುಳು ಸಿಗುತ್ತದೆ. ಹುಳು ಸಿಕ್ಕಿತೆಂದ ಮಾತ್ರಕ್ಕೆ ಆ ಕುರಿಯನ್ನು ಕೊಂದದ್ದು ಹುಳುವೇ ಎಂದು ಹೇಳಲಾಗದು. ಹುಳುವಿನ ಜೊತೆಗೆ ಇನ್ನೊಂದು ರೋಗ ಸೇರಿಕೊಂಡಿರುವುದು ಉಂಟು. ಇಂತಹ ಜೊತೆರೋಗಗಳು ಹೇಗೆ ಬರುತ್ತವೆ, ಅವುಗಳನ್ನು ಗುರುತಿಸುವುದು ಹೇಗೆ, ತಡೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ರಕ್ತ ಹೀರುವ ಜಂತು

ಕುರಿಗಳನ್ನು ಕಾಡುವ ಜಂತುಗಳಲ್ಲಿ ಅತಿ ಅಪಾಯಕಾರಿಯಾದದ್ದು ಹೀಮಾಂಕಸ್ ಎಂಬ ದುಂಡುಹುಳು. ಇದು ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ವಾಸಿಸುತ್ತದೆ. ಉದ್ದ 1ರಿಂದ 3 ಸೆಂಟಿಮೀಟರ್, ದಪ್ಪ ಕೂದಲಿನಷ್ಟು. ಹೆಣ್ಣು ಹುಳುವಿನಲ್ಲಿ ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಹೊಸೆದ ದಾರದಂತೆ ಸುತ್ತಿಕೊಂಡಿರುತ್ತದೆ.

ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತವನ್ನು ನಷ್ಟ ಮಾಡುತ್ತದೆ. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡಿ. ಹೊಟ್ಟೆಯಲ್ಲಿ ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್, ತಿಂಗಳಿಗೆ ಒಂದೂವರೆ ಲೀಟರ್. 25 ಕಿಲೋ ತೂಕದ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಹೆಚ್ಚು ಕಡಿಮೆ ಅಷ್ಟು! ಹೋದ ರಕ್ತವನ್ನು ಮೈ ಮತ್ತೆ ತಯಾರಿಸಿಕೊಳ್ಳಬೇಕು. ಅದಕ್ಕೆ ಒಳ್ಳೆಯ ಮೇವು ಬೇಕು. ಮೇವಿಲ್ಲದಿದ್ದರೆ ಕುರಿ ಸೋಲುತ್ತದೆ.

ಒಂದು ಹೆಣ್ಣು ಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆಗಳನ್ನಿಡುತ್ತದೆ. ಇವು ಹಿಕ್ಕೆಯ ಜೊತೆ ಹುಲ್ಲುಗಾವಲಿಗೆ ಬೀಳುತ್ತವೆ. ತೇವ ಮತ್ತು ಬೆಚ್ಚಗಿನ ಹವೆ ಇದ್ದರೆ ಒಂದು ವಾರದೊಳಗೆ ಸೋಂಕು ತಗುಲಿಸಬಲ್ಲ ಮರಿಹುಳುಗಳಾಗಿ, ಇಬ್ಬನಿಯ ತೇವದಲ್ಲಿ ಹುಲ್ಲಿನ ಗರಿಯನ್ನು ಹತ್ತುತ್ತವೆ. ಕುರಿ ಹುಲ್ಲಿನೊಡನೆ ಇವನ್ನು ನುಂಗಿದ ಸುಮಾರು ಮೂರು ವಾರಗಳಲ್ಲಿ ಅವು ಬಲಿತು ತಾವೇ ಮೊಟ್ಟೆಯಿಡತೊಡಗುತ್ತವೆ. ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಆದುದರಿಂದ ಮಳೆ ಹಿಡಿದಂದಿನಿಂದ ಡಿಸೆಂಬರ್‌ವರೆಗೆ ಜಂತುಬಾಧೆ ಏರುತ್ತಾ ಹೋಗುತ್ತದೆ.

ಕೆರೆಯಂಗಳದ ಹುಳುಗಳು

ನೀರು ನಿಲ್ಲುವ ಜಾಗದಲ್ಲಿ ಬೇರೆ ಜಾತಿಯ ಹುಳುಗಳ ಕಾಟವಿದೆ. ಯಕೃತ್ತಿನ ಚಪ್ಪಟೆ ಹುಳು ಮತ್ತು ಜಠರದ ಗುಂಡು ಹುಳು ಇವುಗಳಲ್ಲಿ ಮುಖ್ಯವಾದವು. ಇವೆರಡೂ ತಮ್ಮ ಬಾಳಿನ ಒಂದು ಭಾಗವನ್ನು ನೀರಿನ ಬಸವನಹುಳುಗಳ ಮೈಯಲ್ಲಿ ಕಳೆಯುತ್ತವೆ. ಆದಕಾರಣ ಬಸವನಹುಳು ಇಲ್ಲದ ಒಣ ಕಾವಲಿನಲ್ಲಿ ಇವುಗಳ ಕಾಟವಿಲ್ಲ. ಕೆರೆಯ ಅಂಚು, ಕಾಲುವೆ ಬದಿ, ಅಡಿಕೆ ತೋಟದ ಬಸಿಗಾಲುವೆ, ಗದ್ದೆಬಯಲು ಇವೇ ಅವುಗಳ ನೆಲೆ.

ಇಲ್ಲಿ ಒಂದು ಮಾತು ಗಮನಿಸತಕ್ಕದ್ದು. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಹಿನ್ನೀರು ಹೊಸದುರ್ಗ ತಾಲ್ಲೂಕಿನ ಕಡೆಗೆ ಹರಡಿತು. ಇದು ಜಿಲ್ಲೆಗೆ ಸಂತೋಷದ ಸಂಗತಿ. ಆದರೆ ತಲೆತಲಾಂತರದಿಂದ ಒಣ ಕಾವಲಿನಲ್ಲಿ ಮೇದ ಮಂದೆಗಳಿಗೆ ನೀರಿನಂಚಿನ ಹಸಿರು ಹುಲ್ಲು ಹೊಸದು. ನೀರು ಬಂದ ಕಡೆ ಬಸವನಹುಳು ಬರುತ್ತದೆ. ಅದರ ಹಿಂದೆಯೇ ಚಪ್ಪಟೆ ಹುಳುವೂ ಬರಬಹುದು. ಬೇಸಿಗೆಯಲ್ಲಿ ಮಂದೆಯನ್ನು ದೂರದ ನೀರಾವರಿ ಬಯಲುಗಳಿಗೆ ಹೊಡೆದುಕೊಂಡು ಹೋಗುವವರೂ ಇದನ್ನು ನೆನಪಿನಲ್ಲಿಡಬೇಕು.

ಜೊತೆರೋಗ ಏಕೆ ಬರುತ್ತದೆ?

ಬರಗಾಲದಲ್ಲಿ ಅಧಿಕಮಾಸ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಹುಳು ತುಂಬಿದ ಕುರಿಗೆ ಎರಡನೆಯ ರೋಗ ಬರುವುದೂ ಹಾಗೆಯೇ. ಇದಕ್ಕೆ ನಾಲ್ಕು ಕಾರಣಗಳಿವೆ.

1. ರಕ್ತದ ಜೊತೆಗೆ ಸಸಾರಜನಕವೂ ನಷ್ಟವಾಗುತ್ತದೆ. ರೋಗದೊಡನೆ ಹೋರಾಡುವ ಪದಾರ್ಥಗಳನ್ನು ಮೈ ತಯಾರಿಸಿಕೊಳ್ಳುವುದು ಸಸಾರಜನಕದಿಂದಲೇ. ಬಂಡವಾಳವೇ ಕರಗಿದ ಮೇಲೆ ಹೋರಾಟ ದುರ್ಬಲವಾಗುತ್ತದೆ.

2. ಕೆಲವು ಹುಳುಗಳು ಗಾಯ ಮಾಡಿ ದಾರಿ ತೆರೆಯುತ್ತವೆ. ಎಳೆಯ ಚಪ್ಪಟೆ ಹುಳುಗಳು ಯಕೃತ್ತನ್ನು ಕೊರೆದುಕೊಂಡು ಹೋಗುವಾಗ ಅಲ್ಲಿ ಸತ್ತ ಮಾಂಸ ಉಳಿಯುತ್ತದೆ. ಗಾಳಿಯಿಲ್ಲದ ಜಾಗದಲ್ಲಿ ಬೆಳೆಯುವ ವಿಷಕಾರಿ ರೋಗಾಣುಗಳಿಗೆ ಇದು ಹದವಾದ ನೆಲ. ಇಂತಹ ಕುರಿ ಯಾವ ಸೂಚನೆಯನ್ನೂ ಕೊಡದೆ ರಾತ್ರೋರಾತ್ರಿ ಸಾಯಬಹುದು.

3. ಇದರ ತಿರುವುಮುರುವೂ ಉಂಟು. ಪಿಪಿಆರ್ ಎಂದು ಕರೆಯುವ ಆಡು-ಕುರಿಗಳ ಪ್ಲೇಗ್ ಇದಕ್ಕೆ ಒಳ್ಳೆಯ ನಿದರ್ಶನ. ಭಾರತದಲ್ಲಿ ಇದು ಮೊದಲು ಗೊತ್ತಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಇದರ ವೈರಾಣು ಮಕ್ಕಳ ದಡಾರದ ವೈರಾಣುವಿಗೂ, 2011ರಲ್ಲಿ ಪ್ರಪಂಚದಿಂದಲೇ ನಿರ್ಮೂಲವಾದ ದನಗಳ ದೊಡ್ಡರೋಗದ ವೈರಾಣುವಿಗೂ ದಾಯಾದಿ. ದಡಾರ ಎದ್ದ ಮಗುವಿಗೆ ಬೇಧಿ, ಎದೆಕಫ ಬೆನ್ನುಹತ್ತುವುದನ್ನು ಹಿರಿಯರು ಕಂಡಿದ್ದಾರೆ. ಪಿಪಿಆರ್ ಕೂಡ ರಕ್ತದ ಬಿಳಿಕಣಗಳನ್ನು ನಾಶಮಾಡುವುದರಿಂದ, ಅದುವರೆಗೆ ಸುಮ್ಮನಿದ್ದ ಕರುಳಿನ ಕಾಕ್ಸಿಡಿಯಾ, ಜಂತುಹುಳು, ಶ್ವಾಸಕೋಶದ ರೋಗಾಣು ಎಲ್ಲವೂ ಒಮ್ಮೆಲೇ ತಲೆ ಎತ್ತುತ್ತವೆ.

4. ಕಾಲ ಒಂದೇ. ಹುಳು ಹೆಚ್ಚಾಗುವ ತಿಂಗಳುಗಳಲ್ಲಿಯೇ ನೀಲಿನಾಲಿಗೆ ರೋಗವನ್ನು ಹರಡುವ ನುಸಿಗಳೂ ಹೆಚ್ಚು. ಎಳ್ಳುಕಾಳಿಗಿಂತ ಚಿಕ್ಕದಾದ ಈ ನುಸಿ ರೊಪ್ಪದ ಸುತ್ತ ಹಿಕ್ಕೆ ಬೆರೆತ ಕೆಸರಿನಲ್ಲಿ ಬೆಳೆದು, ಮುಸ್ಸಂಜೆ ಮತ್ತು ನಸುಕಿನಲ್ಲಿ ಕಚ್ಚುತ್ತದೆ. ಎಳೆ ಹುಲ್ಲನ್ನು ಅಥವಾ ಕೊಯ್ಲಾದ ಹೊಲದಲ್ಲಿ ಉಳಿದ ತೆನೆಗಳನ್ನು ಮಿತಿಮೀರಿ ತಿಂದ ಕುರಿಗಳಲ್ಲಿ ಕರುಳುಬೇನೆ ಕಾಣಿಸುವುದೂ ಇದೇ ಕಾಲದಲ್ಲಿ.

ಒಂದು ಉದಾಹರಣೆ

ಕೆರೆಯಂಗಳದ ಪಕ್ಕದ ಹಟ್ಟಿಯೊಂದರಲ್ಲಿ 60 ಕುರಿಗಳ ಮಂದೆ ಇದೆ ಎಂದಿಟ್ಟುಕೊಳ್ಳೋಣ. ನವೆಂಬರ್ ತಿಂಗಳು. ಕೆಲವು ಕುರಿಗಳು ಮೇವು ಬಿಟ್ಟು ಹಿಂದುಳಿಯುತ್ತವೆ, ಕಣ್ಣು ಬಿಳಿಚಿಕೊಂಡಿವೆ, ಗದ್ದದ ಕೆಳಗೆ ನೀರು ತುಂಬಿದೆ. ಎರಡು ಕುರಿ ಸತ್ತವು. ಯಜಮಾನ ಹೊಟ್ಟೆ ಸೀಳಿ ನೋಡಿದರೆ ಹುಳುಗಳು ಮುಲುಗುಡುತ್ತಿವೆ. ಕೂಡಲೇ ಪೇಟೆಯಿಂದ ಜಂತುನಾಶಕ ತಂದು ಇಡೀ ಮಂದೆಗೆ ಕುಡಿಸುತ್ತಾನೆ. ಆದರೂ ಮರುವಾರ ಐದು ಕುರಿಗಳು ಸಾಯುತ್ತವೆ. ಔಷಧಿ ಕಳಪೆ ಎಂದು ಬೇರೆ ಔಷಧಿ ತರುತ್ತಾನೆ. ಸಾವು ನಿಲ್ಲುವುದಿಲ್ಲ.

ಆ ಮಂದೆಯಲ್ಲಿ ನಿಜವಾಗಿ ನಡೆದಿರಬಹುದಾದದ್ದೇನು? ಕೆಲವು ಕುರಿಗಳ ಮೂಗಿನಿಂದ ಸಿಂಬಳ ಸುರಿದು ಹಕ್ಕಳೆಗಟ್ಟಿತ್ತು. ತುಟಿ ದಪ್ಪಗಾಗಿತ್ತು. ಗೊರಸಿನ ಮೇಲಂಚು ಕೆಂಪಾಗಿ ಕುಂಟುತ್ತಿದ್ದವು. ಮೈ ಬೆಂಕಿಯಂತೆ ಸುಡುತ್ತಿತ್ತು. ಇವು ನೀಲಿನಾಲಿಗೆ ರೋಗದ ಲಕ್ಷಣಗಳು. ಹೊಟ್ಟೆಯಲ್ಲಿ ಹುಳು ಕಂಡ ಕೂಡಲೇ ಯಜಮಾನ ಬೇರೆ ಲಕ್ಷಣಗಳನ್ನು ನೋಡುವುದನ್ನು ನಿಲ್ಲಿಸಿದ. ಹುಳುವಿನ ಔಷಧಿ ಹುಳುವನ್ನು ಕೊಂದಿತು. ವೈರಾಣುವಿಗೆ ಅದರಿಂದ ಏನೂ ಆಗಲಿಲ್ಲ. ಮೊದಲ ದಿನವೇ ವೈದ್ಯರಿಗೆ ತಿಳಿಸಿದ್ದರೆ ಜ್ವರ ಬಂದ ಕುರಿಗಳನ್ನು ಬೇರ್ಪಡಿಸಿ ನೆರಳಿನಲ್ಲಿ ಕಟ್ಟಿ, ಬಾಯಿ ಹುಣ್ಣಿಗೆ ಆರೈಕೆ ಮಾಡಿ, ಮೆತ್ತನೆಯ ಮೇವು ಕೊಟ್ಟು, ಎದೆಗೆ ಇಳಿಯುವ ಸೋಂಕಿಗೆ ಔಷಧಿ ಕೊಟ್ಟು ಹಲವನ್ನು ಉಳಿಸಿಕೊಳ್ಳಬಹುದಿತ್ತು.

ಗುರುತಿಸುವುದು ಹೇಗೆ?

ರಕ್ತ ಹೀರುವ ಜಂತು ಒಂದೇ ಇದ್ದರೆ ಕುರಿಗೆ ಜ್ವರ ಬರುವುದಿಲ್ಲ. ಸಾಮಾನ್ಯವಾಗಿ ಬೇಧಿಯೂ ಆಗುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟರೆ ಅರ್ಧ ಕೆಲಸವಾದಂತೆ. ಪ್ರತಿ ಹಟ್ಟಿಯಲ್ಲಿಯೂ ಒಂದು ಥರ್ಮಾಮೀಟರ್ ಇರುವುದು ಅವಶ್ಯ. ಬೆಳಿಗ್ಗೆ ಬಿಸಿಲೇರುವ ಮೊದಲು ಗುದದಲ್ಲಿಟ್ಟು ನೋಡಬೇಕು. ಕುರಿಯ ಸಹಜ ಶಾಖ ಸುಮಾರು 102ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್. 104ಕ್ಕೆ ಮೇಲ್ಪಟ್ಟರೆ ಜ್ವರವೆಂದು ತಿಳಿಯಬೇಕು.

ಬಿಳಿಚಿದ ಕಣ್ಣು, ಜ್ವರವಿಲ್ಲ, ಹಿಕ್ಕೆ ಗಟ್ಟಿ: ರಕ್ತ ಹೀರುವ ಜಂತುವೇ ಆಗಿರುವ ಸಂಭವ ಹೆಚ್ಚು. ಹಳೆಯ ಚಪ್ಪಟೆ ಹುಳು, ಮೈತುಂಬ ಉಣುಗು, ಮೇವಿನ ಕೊರತೆ ಇವುಗಳಿಂದಲೂ ಕಣ್ಣು ಬಿಳಿಚುವುದುಂಟು.

ಬಿಳಿಚಿದ ಕಣ್ಣು, ಜೊತೆಗೆ ಜ್ವರ: ಎರಡನೆಯ ರೋಗ ಸೇರಿದೆ ಅಥವಾ ಉಣುಗಿನಿಂದ ಬರುವ ರಕ್ತದ ಸೋಂಕು ಇದೆ. ಕಣ್ಣು ಹಳದಿಯಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಬಿಳಿಚಿದ ಕಣ್ಣು, ಜೊತೆಗೆ ಬೇಧಿ: ಕೆರೆಯಂಗಳದಲ್ಲಿ ಮೇದ ಮಂದೆಯಾದರೆ ಎಳೆಯ ಗುಂಡು ಹುಳುಗಳು, ಮರಿಗಳಾದರೆ ಕಾಕ್ಸಿಡಿಯಾ ಇರಬಹುದು. ಬೇಧಿಯ ಜೊತೆ ಜ್ವರ, ಕಣ್ಣು ಮೂಗಿನ ಸುರಿತ, ಬಾಯಿಹುಣ್ಣು ಇದ್ದರೆ ಪಿಪಿಆರ್ ಎಂದು ಶಂಕಿಸಿ ಅಂದೇ ವರದಿ ಮಾಡಬೇಕು.

ಗದ್ದದ ಬಾವು: ಹುಳುವಿನಿಂದ ಬಂದ ಬಾವು ತಣ್ಣಗೆ, ಮೆತ್ತಗೆ ಇರುತ್ತದೆ. ತಲೆ ತಗ್ಗಿಸಿ ಮೇದ ಸಂಜೆ ಹೆಚ್ಚಾಗಿ, ಬೆಳಿಗ್ಗೆ ಇಳಿದಿರಬಹುದು. ಮುಖ ಮತ್ತು ತುಟಿ ಬಿಸಿಯಾಗಿ ಊದಿದ್ದು ಜ್ವರವೂ ಇದ್ದರೆ ಅದು ನೀಲಿನಾಲಿಗೆಯ ಕಡೆಗೆ ಬೆರಳು ತೋರಿಸುತ್ತದೆ. ಒಂದೇ ಕುರಿಯಲ್ಲಿ ಎರಡೂ ಇರಬಹುದು.

ಹಠಾತ್ ಸಾವು: ಹುಳು ಸಾಮಾನ್ಯವಾಗಿ ಬಡಕಲು ಕುರಿಯನ್ನು ಮತ್ತು ಎಳೆ ಮರಿಯನ್ನು ಕೊಲ್ಲುತ್ತದೆ. ಮಂದೆಯ ಅತಿ ಕೊಬ್ಬಿದ ಮರಿಯೇ ರಾತ್ರಿ ಕಳೆಯುವುದರೊಳಗೆ ಸತ್ತಿದ್ದರೆ ಕರುಳುಬೇನೆಯನ್ನು ಶಂಕಿಸಬೇಕು.

ಎಚ್ಚರಿಕೆ: ಹಠಾತ್ತನೆ ಸತ್ತ ಕುರಿಯ ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸೋರಿ ಹೆಪ್ಪುಗಟ್ಟದೆ ಇದ್ದರೆ ಅದು ನೆರಡಿ ರೋಗವಾಗಿರಬಹುದು. ಅಂತಹ ಹೆಣವನ್ನು ಯಾವ ಕಾರಣಕ್ಕೂ ಸೀಳಬಾರದು, ಚರ್ಮ ಸುಲಿಯಬಾರದು, ಮಾಂಸ ತಿನ್ನಬಾರದು. ಈ ರೋಗ ಮನುಷ್ಯರಿಗೂ ತಗುಲಿ ಪ್ರಾಣ ತೆಗೆಯುತ್ತದೆ. ಉಳಿದ ಸಂದರ್ಭಗಳಲ್ಲಿಯೂ ಹೆಣ ಸೀಳಿ ನೋಡುವ ಕೆಲಸವನ್ನು ಪಶುವೈದ್ಯರಿಗೇ ಬಿಡುವುದು ಕ್ಷೇಮ.

ಹಿಕ್ಕೆ ಪರೀಕ್ಷೆ

ಜಂತುನಾಶಕ ಕೊಡುವ ಮೊದಲು ಹಿಕ್ಕೆ ಪರೀಕ್ಷೆ ಮಾಡಿಸುವುದು ಅತಿ ಅಗ್ಗದ ಮತ್ತು ಅತಿ ಲಾಭದ ಕ್ರಮ. ಮಂದೆಯ ಎಂಟು ಹತ್ತು ಕುರಿಗಳ ಗುದದಿಂದಲೇ ಹೊಸ ಹಿಕ್ಕೆಯನ್ನು ತೆಗೆದು, ಒಂದೊಂದು ಕುರಿಯದನ್ನು ಒಂದೊಂದು ಶುದ್ಧ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗದಂತೆ ಅದೇ ದಿನ ಪಶು ಆಸ್ಪತ್ರೆಗೆ ತಲುಪಿಸಬೇಕು. ನೆಲದ ಮೇಲೆ ಬಿದ್ದ ಹಳೆಯ ಹಿಕ್ಕೆ ಪ್ರಯೋಜನವಿಲ್ಲ. ಯಾವ ಜಾತಿಯ ಹುಳು, ಎಷ್ಟು ಮೊಟ್ಟೆ ಎಂಬುದು ಗೊತ್ತಾದರೆ ಯಾವ ಔಷಧಿ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ದುಂಡುಹುಳುವಿನ ಔಷಧಿಗಳೆಲ್ಲ ಚಪ್ಪಟೆ ಹುಳುವನ್ನು ಕೊಲ್ಲುವುದಿಲ್ಲ. ಕಾಕ್ಸಿಡಿಯಾಕ್ಕೆ ಬೇರೆಯೇ ಔಷಧಿ ಬೇಕು.

ಔಷಧಿ ಕೊಡುವ ಕ್ರಮ

ಅ) ತೂಕ ನೋಡಿ ಕೊಡಬೇಕು. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಗಟ್ಟಿ ಹುಳುಗಳು ಬದುಕಿ ಉಳಿದು ಅವುಗಳ ಸಂತಾನವೇ ಬೆಳೆಯುತ್ತದೆ. ಉದಾಹರಣೆಗೆ ಫೆನ್‌ಬೆಂಡಜೋಲ್ ಕುರಿಗೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ. 20 ಕಿಲೋ ಕುರಿಗೆ 100 ಮಿಲಿಗ್ರಾಂ, 30 ಕಿಲೋ ಕುರಿಗೆ 150 ಮಿಲಿಗ್ರಾಂ. ಆಡಿನ ಮೈಯಲ್ಲಿ ಔಷಧಿ ಬೇಗ ಕರಗಿಹೋಗುವುದರಿಂದ ಕುರಿಯ ಪ್ರಮಾಣ ಆಡಿಗೆ ಸಾಲದು. ವೈದ್ಯರನ್ನು ಕೇಳಿ ಕೊಡಬೇಕು.

ಆ) ಒಂದೇ ಔಷಧಿಯನ್ನು ತಿಂಗಳು ತಿಂಗಳೂ ಕುಡಿಸಬಾರದು. ಥಯಾಬೆಂಡಜೋಲ್ ಎಂಬ ಜಂತುನಾಶಕ 1961ರಲ್ಲಿ ಬಳಕೆಗೆ ಬಂತು; 1964ರ ಹೊತ್ತಿಗಾಗಲೇ ಅದಕ್ಕೆ ಬಗ್ಗದ ಹುಳುಗಳು ವರದಿಯಾದವು. ಈಗ ಭಾರತದಲ್ಲಿಯೂ ಅನೇಕ ಔಷಧಿಗಳಿಗೆ ಬಗ್ಗದ ಹುಳುಗಳಿವೆ. ಔಷಧಿ ಕೊಟ್ಟ 10ರಿಂದ 14 ದಿನಗಳಲ್ಲಿ ಮತ್ತೆ ಹಿಕ್ಕೆ ಪರೀಕ್ಷೆ ಮಾಡಿಸಿದರೆ ಔಷಧಿ ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತದೆ.

ಇ) ಕಣ್ಣಿನ ಕೆಳರೆಪ್ಪೆಯ ಒಳಬಣ್ಣ ನೋಡಿ ಆಯ್ದು ಕೊಡುವುದು ಉತ್ತಮ. ದಕ್ಷಿಣ ಆಫ್ರಿಕದ ಪಶುವೈದ್ಯರು ಇದಕ್ಕಾಗಿ ಕೆಂಪಿನಿಂದ ಬಿಳಿಯವರೆಗೆ ಐದು ಬಣ್ಣಗಳ ಪಟವನ್ನು ತಯಾರಿಸಿದ್ದಾರೆ. ಬಿಳಿಚಿದವುಗಳಿಗೆ ಔಷಧಿ ಕೊಡಬೇಕು. ಮರಿ ಮತ್ತು ಗಬ್ಬದ ಕುರಿಗಳಲ್ಲಿ ತುಸು ಬಣ್ಣ ಇಳಿದರೂ ಕೊಡಬೇಕು. ಕಣ್ಣು ಕೆಂಪಗಿರುವ ದಷ್ಟಪುಷ್ಟ ಕುರಿಗಳನ್ನು ಬಿಡಬಹುದು. ಇದರಿಂದ ಔಷಧಿಗೆ ಬಗ್ಗುವ ಹುಳುಗಳ ತಳಿಯೂ ಉಳಿಯುತ್ತದೆ.

ಈ) ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಕುರಿಯನ್ನು ಕಡಿಯಬಾರದೆಂಬುದನ್ನು ಶೀಶೆಯ ಮೇಲೆ ಓದಿಕೊಳ್ಳಬೇಕು.

ಉ) ಹಿಂದೆ ಮೈಲುತುತ್ತದ ನೀರನ್ನು ಜಂತುವಿಗೆ ಕುಡಿಸುವ ರೂಢಿಯಿತ್ತು. ತಾಮ್ರದ ಅಂಶ ಕುರಿಯ ಯಕೃತ್ತಿನಲ್ಲಿ ಸೇರಿಕೊಂಡು ವಿಷವಾಗುತ್ತದೆ. ಈ ಪದ್ಧತಿಯನ್ನು ಸಂಪೂರ್ಣವಾಗಿ ಬಿಡಬೇಕು.

ಲಸಿಕೆ ಮತ್ತು ಜಂತುನಾಶಕದ ಹೊಂದಾಣಿಕೆ

ಹುಳು ತುಂಬಿದ ಬಡಕಲು ಕುರಿಗೆ ಹಾಕಿದ ಲಸಿಕೆ ಪೂರ್ಣ ಫಲ ಕೊಡುವುದಿಲ್ಲ. ಆದುದರಿಂದ ಹುಳುವಿರುವ ಕುರಿಗಳಿಗೆ ಲಸಿಕೆಗೆ ಸುಮಾರು ಎರಡು ವಾರ ಮೊದಲು ಜಂತುನಾಶಕ ಕೊಡಬೇಕು. ಕರುಳುಬೇನೆಯ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆ, ಮೇ-ಜೂನ್ ತಿಂಗಳುಗಳಲ್ಲಿ ಹಾಕಿಸಬೇಕು. ಮೊದಲ ಸಲ ಹಾಕಿಸುವಾಗ ಎರಡು ಮೂರು ವಾರಗಳ ನಂತರ ಇನ್ನೊಂದು ಸಲ, ಆಮೇಲೆ ವರ್ಷಕ್ಕೊಮ್ಮೆ. ಪಿಪಿಆರ್ ಲಸಿಕೆಯನ್ನು ನಾಲ್ಕು ತಿಂಗಳು ತುಂಬಿದ ಮರಿಗಳಿಗೆ ಹಾಕಿಸಿದರೆ ಹಲವು ವರ್ಷ ರಕ್ಷಣೆ ದೊರೆಯುತ್ತದೆ. ನೀಲಿನಾಲಿಗೆಗೂ ಈಗ ಭಾರತದಲ್ಲಿಯೇ ತಯಾರಾದ, ಐದು ಬಗೆಯ ವೈರಾಣುಗಳನ್ನು ತಡೆಯುವ ಲಸಿಕೆ ಇದೆ. ಇದನ್ನೂ ಮಳೆಗೆ ಮೊದಲೇ ಹಾಕಿಸಬೇಕು. ರೋಗ ಹತ್ತಿದ ಮೇಲೆ ಲಸಿಕೆಗೆ ಓಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ.

ಮೇಯಿಸುವ ಮತ್ತು ಸಾಕುವ ಕ್ರಮಗಳು

ಇಬ್ಬನಿ ಆರಿದ ಮೇಲೆಯೇ ಮಂದೆಯನ್ನು ಮೇಯಲು ಬಿಡಬೇಕು. ಕೆರೆಯ ಅಂಚು, ಜೌಗು ನೆಲದಲ್ಲಿ ಮೇಯಿಸಬಾರದು. ಕೆರೆಗೆ ಇಳಿಸುವ ಬದಲು ತೊಟ್ಟಿಯಲ್ಲಿ ನೀರು ಕುಡಿಸಬೇಕು. ಅತಿ ಶುದ್ಧವಾದ ಬೀಳು, ಹಿಂದಿನ ತಿಂಗಳುಗಳಲ್ಲಿ ಕುರಿ ಮೇಯದ ಜಾಗ ಮರಿಗಳಿಗೆ ಮೀಸಲಿರಲಿ. ದನ ಮೇದ ಕಾವಲಿನಲ್ಲಿ ಕುರಿ, ಕುರಿ ಮೇದಲ್ಲಿ ದನ ಹೀಗೆ ಬದಲಾಯಿಸಿದರೆ ದುಂಡುಹುಳು ಕಡಿಮೆಯಾಗುತ್ತದೆ. ರೊಪ್ಪದ ಸುತ್ತ ಕೆಸರು ನಿಲ್ಲದಂತೆ ನೀರು ಬಸಿಯಲು ದಾರಿ ಮಾಡಿ, ಗೊಬ್ಬರವನ್ನು ದೂರದ ಗುಂಡಿಗೆ ಹಾಕಬೇಕು.

ಮಳೆಗಾಲದಲ್ಲಿ ದಿನಕ್ಕೊಂದು ಹಿಡಿ ಬೇಯಿಸಿದ ಹುರುಳಿ ಅಥವಾ ಶೇಂಗಾ ಹಿಂಡಿಯನ್ನು ಮರಿಗಳಿಗೂ ಗಬ್ಬದ ಕುರಿಗಳಿಗೂ ಕೊಟ್ಟರೆ ಹುಳುವಿನ ಹೊರೆಯನ್ನು ತಡೆದುಕೊಳ್ಳುವ ಶಕ್ತಿ ಬರುತ್ತದೆ. ಸಂತೆಯಿಂದ ತಂದ ಕುರಿಗಳನ್ನು ಮೂರು ವಾರ ಬೇರೆಯಾಗಿರಿಸಿ ನೋಡಿ ಮಂದೆಗೆ ಸೇರಿಸಬೇಕು. ಸತ್ತ ಕುರಿಯನ್ನು ಆಳವಾಗಿ ಹೂಳಬೇಕು. ತಲೆ, ಕರುಳುಗಳನ್ನು ನಾಯಿಗಳಿಗೆ ಎಸೆದರೆ ಅವುಗಳ ಮೂಲಕ ಲಾಡಿಹುಳು ಮತ್ತೆ ಮಂದೆಗೆ ಬಂದು, ತಲೆ ತಿರುಗಿ ಸುತ್ತು ಹಾಕುವ ರೋಗ ಹುಟ್ಟುತ್ತದೆ.

ನೆನಪಿಡಬೇಕಾದ ಅಂಶಗಳು

* ಹುಳು ಕಂಡಿತೆಂದು ನೋಡುವುದನ್ನು ನಿಲ್ಲಿಸಬೇಡಿ. ಕಣ್ಣುರೆಪ್ಪೆ, ಥರ್ಮಾಮೀಟರ್, ಹಿಕ್ಕೆ ಮೂರನ್ನೂ ನೋಡಿ.
* ಬಿಳಿಚಿದ ಕುರಿಗೆ ಜ್ವರವಿದ್ದರೆ ಎರಡನೆಯ ರೋಗವನ್ನು ಹುಡುಕಿ.
* ಜಂತುನಾಶಕ ಮೊದಲು, ಎರಡು ವಾರದ ಮೇಲೆ ಲಸಿಕೆ.
* ಔಷಧಿ ಕೊಟ್ಟ ಮೇಲೂ ಸಾವು ನಿಲ್ಲದಿದ್ದರೆ ಇನ್ನೊಂದು ಶೀಶೆ ತರುವ ಮೊದಲು ವೈದ್ಯರನ್ನು ಕರೆತನ್ನಿ.

ಕುರಿಗಳು ಗುಂಪಾಗಿ ಕಾಯಿಲೆ ಬಿದ್ದಾಗ ಸಮೀಪದ ಪಶು ಆಸ್ಪತ್ರೆಗೆ ತಿಳಿಸಿರಿ. 1962ಕ್ಕೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ದೊರೆಯುತ್ತದೆ. ಅಗತ್ಯವಿದ್ದರೆ ವೈದ್ಯರು ಮಾದರಿಗಳನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳುಹಿಸಿ ರೋಗ ಪತ್ತೆ ಮಾಡಿಸುತ್ತಾರೆ. ಮೇವು, ಸಾಕಣೆಯ ವಿಷಯದಲ್ಲಿ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ಈ ಮಳೆಗಾಲಕ್ಕೆ ಮೊದಲೇ ಒಂದು ಥರ್ಮಾಮೀಟರ್ ಕೊಂಡು, ನಿಮ್ಮ ಮಂದೆಯ ಹತ್ತು ಕುರಿಗಳ ಹಿಕ್ಕೆ ಪರೀಕ್ಷೆ ಮಾಡಿಸಿ ನೋಡಿರಿ. ಒಂದು ಕುರಿ ಉಳಿದರೂ ಅದರ ಖರ್ಚು ಹುಟ್ಟುತ್ತದೆ.